ಪರೀಕ್ಷೆಯಾಗದ ಪ್ಲೇಟನ್ನು ಯಾರ ಗಾಡಿಗೂ ಹಾಕಬೇಡಿ

ಅಲೀಪುರ, ತೊಂಡೇಬಾವಿ, ಮಂಚೇನಹಳ್ಳಿ, ಗೌರಿಬಿದನೂರು ಕಡೆಯ ಗ್ಯಾರೇಜು, ಲೇತು, ವೆಲ್ಡಿಂಗ್ ಅಂಗಡಿಗಳಲ್ಲಿ ದುಡಿಯುವ ಯುವಮಿತ್ರರಿಗೆ,



ಈ ಕಾಗದ ಒಂದು ಅಲ್ಯೂಮಿನಿಯಂ ಪ್ಲೇಟಿನ ಬಗ್ಗೆ. ಅಂಗೈಯಗಲದ್ದು. ಒಳಗೆ ರೇಡಿಯೇಟರಿನ ಬಿಸಿನೀರು ಹರಿಯಲು ದಾರಿ ಕೊರೆದಿರುತ್ತದೆ. ಕಾರ್ಬೊರೇಟರಿನ ಬುಡದಲ್ಲೋ, ಇನ್‌ಟೇಕ್ ಮ್ಯಾನಿಫೋಲ್ಡಿನ ಹೊಟ್ಟೆಯ ಕೆಳಗೋ ಕೂರುತ್ತದೆ. ಹೊರಗಿನಿಂದ ತಂದ ಮ್ಯಾನಿಫೋಲ್ಡ್ ಹಾಕಿದ ಹಳೆಯ ಜಿಪ್ಸಿ, ಪದ್ಮಿನಿ, ಅಂಬಾಸಿಡರ್, ಜೀಪುಗಳಿಗೆ ನಮ್ಮ ಕಡೆಯ ಹುಡುಗರು ಈಚೆಗೆ ಇದನ್ನು ತಾವೇ ಮಾಡಿ ಕೂರಿಸುತ್ತಿದ್ದಾರೆ. ನೋಡಿ ನನಗೆ ಸಂತೋಷವಾಯಿತು, ಹೆದರಿಕೆಯೂ ಆಯಿತು. ಆಯುಷ್ಯದ ಬಹುಪಾಲು ಲೇತಿನ ಮುಂದೆ ನಿಂತು ಕಳೆದವನ ಮಾತು ಎಂದು ಸ್ವಲ್ಪ ಹೊತ್ತು ಕೇಳಿ.

ಮೊದಲು ಸಂತೋಷದ ವಿಷಯ: ಈ ಪ್ಲೇಟು ಒಂದು ಹಳೆಯ ತೊಂದರೆಗೆ ಸರಿಯಾದ ಮದ್ದು. ಮಾಗಿಯಲ್ಲಿ ನಿಮ್ಮ ಹತ್ತಿರ ಬರುವ ಒಂದು ದೂರು ನಿಮಗೆಲ್ಲ ಗೊತ್ತು. ಬೆಳಗಿನ ಜಾವ ಗಾಡಿ ಸ್ಟಾರ್ಟ್ ಆಗುತ್ತದೆ. ಐದಾರು ಕಿಲೋಮೀಟರ್ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಪಿಕಪ್ ಬಿಡುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ಎಲ್ಲಾದರೂ ನಿಧಾನ ಮಾಡಿದರೆ ಆಫ್ ಆಗುತ್ತದೆ. ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು ಒಂದು ಚಹಾ ಕುಡಿದು ಬಂದು ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಓಡುತ್ತದೆ. ಮಾಲೀಕ ನಿಮ್ಮ ಅಂಗಡಿಗೆ ಬರುವ ಹೊತ್ತಿಗೆ ಬಿಸಿಲೇರಿರುತ್ತದೆ, ಗಾಡಿಯಲ್ಲಿ ಯಾವ ದೋಷವೂ ಸಿಗುವುದಿಲ್ಲ. ಪ್ಲಗ್ಗು ಬದಲಾಯಿತು, ಕಾಯಿಲ್ ಬದಲಾಯಿತು, ಪೆಟ್ರೋಲ್ ಪಂಪು ಬದಲಾಯಿತು. ಮರುದಿನ ಮುಂಜಾನೆ ಅದೇ ಕಥೆ.

ನಂದಿಬೆಟ್ಟದ ತಪ್ಪಲಿನಲ್ಲಿ, ಮಂಜು ಕವಿದ ಒಂದು ಡಿಸೆಂಬರ್ ಬೆಳಿಗ್ಗೆ, ಹೀಗೆ ನಿಂತ ಜಿಪ್ಸಿಯ ಬಾನೆಟ್ ಅಲ್ಲೇ ಎತ್ತಿ ನೋಡಿದ್ದೇನೆ. ಎರಡು ಗಂಟಲಿನ ದೊಡ್ಡ ಕಾರ್ಬೊರೇಟರ್, ಹೊರಗಿನಿಂದ ತಂದ ಮ್ಯಾನಿಫೋಲ್ಡ್. ಎಂಜಿನ್ ಬ್ಲಾಕ್ ಮುಟ್ಟಿದರೆ ಕೈ ಸುಡುತ್ತಿತ್ತು. ಅದರಿಂದ ಒಂದು ಗೇಣು ದೂರದಲ್ಲಿ ಕಾರ್ಬೊರೇಟರಿನ ಬುಡ ಬೆಳ್ಳಗಾಗಿತ್ತು. ಉಗುರಿನಿಂದ ಕೆರೆದರೆ ಇಬ್ಬನಿ ಹೆಪ್ಪುಗಟ್ಟಿದ ಪುಡಿ ಉದುರಿತು. ಏರ್ ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟರೆ ಥ್ರಾಟಲ್ ತಗಡಿನ ಅಂಚಿನಲ್ಲಿ ಮಂಜುಗಡ್ಡೆಯ ತೆಳು ಉಂಗುರ. ನಾವು ನೋಡುತ್ತಿದ್ದಂತೆಯೇ ಎಂಜಿನ್ನಿನ ಬಿಸಿ ಮೇಲೇರಿ ಅದು ಕರಗಿ ಹನಿಯಾಗಿ ಒಳಗಿಳಿಯಿತು. ಗಾಡಿ ಸ್ಟಾರ್ಟ್ ಆಯಿತು. ಕೆಟ್ಟಿದ್ದ ಭಾಗ ಒಂದೂ ಇರಲಿಲ್ಲ.

ಇದು ಹೇಗೆ ಆಗುತ್ತದೆ? ಪೆಟ್ರೋಲ್ ಆವಿಯಾಗಬೇಕಾದರೆ ಶಾಖ ಬೇಕು. ಒಂದು ಕಿಲೋ ಪೆಟ್ರೋಲ್ ಆವಿಯಾಗಲು ಸುಮಾರು 350 ಕಿಲೋಜೂಲ್ ಹಿಡಿಯುತ್ತದೆ. ಆ ಶಾಖವನ್ನು ಅದು ತನ್ನ ಜೊತೆ ಹೋಗುವ ಗಾಳಿಯಿಂದ, ಸುತ್ತಲಿನ ಲೋಹದಿಂದ ಕಿತ್ತುಕೊಳ್ಳುತ್ತದೆ. ಒಂದು ಕಿಲೋ ಪೆಟ್ರೋಲಿಗೆ ಹದಿನೈದು ಕಿಲೋದಷ್ಟು ಗಾಳಿ. ಪೂರ್ತಿ ಪೆಟ್ರೋಲ್ ಅಲ್ಲೇ ಆವಿಯಾಯಿತು ಎಂದುಕೊಂಡರೆ ಗಾಳಿಯ ಬಿಸಿ 23 ಡಿಗ್ರಿಯಷ್ಟು ಇಳಿಯಬೇಕು. 1,478 ಮೀಟರ್ ಎತ್ತರದ ನಂದಿಬೆಟ್ಟದ ಆಸುಪಾಸಿನಲ್ಲಿ ಮಾಗಿಯ ಮುಂಜಾನೆ ಹತ್ತು ಹನ್ನೆರಡು ಡಿಗ್ರಿ ಇರುತ್ತದೆ, ಗಾಳಿಯ ತುಂಬ ತೇವ. ಆ ತೇವ ಥ್ರಾಟಲಿನ ಇಕ್ಕಟ್ಟಿನಲ್ಲಿ ಮಂಜುಗಡ್ಡೆಯಾಗದೆ ಇನ್ನೇನಾದೀತು? ಹಾಗಾಗಿ ಇದಕ್ಕೆ ಹಿಮಾಲಯದ ಚಳಿ ಬೇಕಾಗಿಲ್ಲ. ಒಣ ಚಳಿಗಿಂತ ನಮ್ಮ ಒದ್ದೆ ಚಳಿಯೇ ಕಾರ್ಬೊರೇಟರಿಗೆ ಹೆಚ್ಚು ಅಪಾಯ. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯ ಕಡೆ ನಿಮ್ಮ ಪರಿಚಯದವರು ಇದ್ದರೆ ಕೇಳಿ ನೋಡಿ. ಕಾರ್ಬೊರೇಟರ್ ಇರುವ ಸಣ್ಣ ತರಬೇತಿ ವಿಮಾನಗಳಲ್ಲಿ ಸೈಲೆನ್ಸರಿನ ಸುತ್ತ ಹಾದು ಬಿಸಿಯಾದ ಗಾಳಿಯನ್ನು ಕಾರ್ಬೊರೇಟರಿಗೆ ತಿರುಗಿಸಲು ಪ್ರತ್ಯೇಕ ಗುಬುಟೇ ಇರುತ್ತದೆ. ಅದನ್ನು ಯಾವಾಗ ಎಳೆಯಬೇಕು ಎನ್ನುವುದು ಅಲ್ಲಿ ಮೊದಮೊದಲ ಪಾಠಗಳಲ್ಲಿ ಒಂದು. ಆಕಾಶದಲ್ಲಿ ಚಹಾ ಅಂಗಡಿ ಇಲ್ಲವಲ್ಲ.

ಕಂಪನಿಯವರಿಗೂ ಇದು ತಿಳಿದೇ ಇತ್ತು. ಅಂಬಾಸಿಡರಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡನ್ನು ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಮೈಗೆ ತಾಗಿಸಿ ಕೂರಿಸಿದ್ದರು. ಹಳೆಯ ವಿಲ್ಲೀಸ್ ಜೀಪಿನಲ್ಲಿ ಎಗ್ಸಾಸ್ಟ್ ಬಿಸಿಯನ್ನು ಚಳಿಯಲ್ಲಿ ಮೇಲಕ್ಕೆ ತಿರುಗಿಸುವ ಒಂದು ಕವಾಟವೇ ಇತ್ತು. ಕಾರ್ಬೊರೇಟರ್ ಕಾಲದ ಮಾರುತಿ 800ರಲ್ಲಿ ಕೂಲೆಂಟೇ ಮ್ಯಾನಿಫೋಲ್ಡಿನೊಳಗೆ ಹರಿಯುತ್ತಿತ್ತು. ನಾವು ಶಕ್ತಿ ಹೆಚ್ಚಲಿ ಎಂದು ಎಗ್ಸಾಸ್ಟಿಗೆ ಪೈಪಿನ ಹೆಡರ್ ಹಾಕುತ್ತೇವೆ, ಇನ್‌ಟೇಕಿಗೆ ಬೇರೆ ಮ್ಯಾನಿಫೋಲ್ಡ್ ತರುತ್ತೇವೆ. ಕಂಪನಿಯವರು ಯೋಚಿಸಿ ಕೊಟ್ಟಿದ್ದ ಬಿಸಿ ಅಲ್ಲಿಗೆ ಇಲ್ಲವಾಯಿತು. ರೇಸಿಗೆಂದೇ ಮಾಡಿದ ಅನೇಕ ಮ್ಯಾನಿಫೋಲ್ಡುಗಳಲ್ಲಿ ನೀರಿನ ದಾರಿಯೇ ಇರುವುದಿಲ್ಲ. ರೇಸಿನ ಗಾಡಿ ಹೆಚ್ಚು ಹೊತ್ತು ಪೂರ್ತಿ ಥ್ರಾಟಲಿನಲ್ಲಿ ಓಡುವುದರಿಂದ ಅದಕ್ಕೆ ನಡೆಯುತ್ತದೆ. ಮಗಳನ್ನು ಕಾಲೇಜಿಗೆ ಬಿಟ್ಟು ಬರುವ ಗಾಡಿಗೆ ನಡೆಯುವುದಿಲ್ಲ.

ಈಗ ಇನ್ನೊಂದು ಕಾರಣವೂ ಸೇರಿದೆ. 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ, ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಇಂದು ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಕೇಳುತ್ತದೆ. ಜೊತೆಗೆ ಅದೇ ಗಾಳಿಗೆ ಇಂಧನವನ್ನೂ ಸ್ವಲ್ಪ ಹೆಚ್ಚು ಸುರಿಯಬೇಕು. ಲೆಕ್ಕ ಹಾಕಿ ನೋಡಿದರೆ ಹಳೆಯ ಪೆಟ್ರೋಲ್ ಗಾಳಿಯಿಂದ ಕಿತ್ತುಕೊಳ್ಳುತ್ತಿದ್ದ ಶಾಖಕ್ಕಿಂತ ಇದು ಮೂರನೇ ಒಂದು ಪಾಲಿಗೂ ಮೀರಿ ಹೆಚ್ಚು ಕಿತ್ತುಕೊಳ್ಳುತ್ತದೆ. ಹತ್ತು ವರ್ಷದ ಹಿಂದೆ ಚಳಿಯಲ್ಲಿ ಸುಮ್ಮನೆ ಓಡಿದ ಗಾಡಿ ಈಗ ತಕರಾರು ಮಾಡುವುದಕ್ಕೆ ಇದೂ ಒಂದು ಕಾರಣ ಆಗಿರಬಹುದು. ಹಾಗಿರುವಾಗ ಜೆಟ್ ದೊಡ್ಡದು ಮಾಡುವುದು, ಚೋಕ್ ಎಳೆದುಕೊಂಡೇ ಓಡಿಸಿ ಎಂದು ಹೇಳಿ ಕಳಿಸುವುದು ಸರಿಯಾದ ವೈದ್ಯವಲ್ಲ. ಆವಿಯಾಗದ ಪೆಟ್ರೋಲ್ ಮ್ಯಾನಿಫೋಲ್ಡಿನ ನೆಲದ ಮೇಲೆ ಹರಿದು ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸೇರುತ್ತದೆ. ಉಳಿದದ್ದು ಸಿಲಿಂಡರಿನ ಗೋಡೆ ತೊಳೆದು ಆಯಿಲ್ಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿದರೆ ಪೆಟ್ರೋಲ್ ವಾಸನೆ.

“ತಣ್ಣನೆ ಗಾಳಿ ಹೋದಷ್ಟೂ ಶಕ್ತಿ ಹೆಚ್ಚು ಎಂದು ನೀವೇ ಹೇಳಿಕೊಟ್ಟಿರಿ, ಈಗ ಬಿಸಿ ಮಾಡು ಅಂತೀರಲ್ಲ” ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇಕಡ ಮೂರರಷ್ಟು ಇಳಿಯುತ್ತದೆ, ಅಷ್ಟು ಶಕ್ತಿ ಹೋಗುವುದು ನಿಜ. ಆದರೆ ನಾವು ಬಿಸಿ ಮಾಡಬೇಕಾದ್ದು ಗಾಳಿಯನ್ನಲ್ಲ, ಪೆಟ್ರೋಲ್ ಹನಿಗಳು ಬಂದು ಬೀಳುವ ನೆಲವನ್ನು. ಗಾಳಿ ನಡುವೆ ಹಾರಿ ಹೋಗುತ್ತದೆ, ಹನಿ ನೆಲಕ್ಕೆ ಅಂಟುತ್ತದೆ, ಬಿಸಿ ಅಲ್ಲಿ ಬೇಕು. ಆದ್ದರಿಂದಲೇ ಮ್ಯಾನಿಫೋಲ್ಡಿನ ಕೆಳಗೆ, ಕಾರ್ಬೊರೇಟರಿನ ಬಾಯಿಗೆ ನೇರವಾಗಿ, ಚಪ್ಪಟೆ ಜಾಗ ಇದ್ದರೆ ಪ್ಲೇಟನ್ನು ಅಲ್ಲೇ ಕೂರಿಸಿ ಎಂದು ನನ್ನ ಸಲಹೆ. ಅಲ್ಲಿ ಜಾಗವಿಲ್ಲದಿದ್ದರೆ ಮಾತ್ರ ಕಾರ್ಬೊರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಹಾಕಿ. ಹಾಗೆ ಹಾಕಿದಾಗ ಪ್ಲೇಟಿನ ಮೇಲೆ ದಪ್ಪ ಬೇಕಲೈಟ್ ಪ್ಯಾಕಿಂಗ್ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಬಿಸಿ ಮೇಲಕ್ಕೇರಿ ಫ್ಲೋಟ್ ಬೌಲಿನ ಪೆಟ್ರೋಲ್ ಕುದಿಯುತ್ತದೆ. ಕಾರ್ಬೊರೇಟರ್ ಎಷ್ಟು ಎತ್ತರವಾಯಿತು, ಏರ್ ಫಿಲ್ಟರ್ ಬಾನೆಟ್ಟಿಗೆ ಬಡಿಯುತ್ತದೆಯೇ ಎಂದು ಲೋಹ ಕೊಯ್ಯುವ ಮೊದಲೇ ಅಳೆಯಿರಿ.

ಎಷ್ಟು ಬಿಸಿ ಬೇಕು ಎನ್ನುವುದನ್ನೂ ಲೆಕ್ಕ ಹಾಕಿಯೇ ಹೇಳುತ್ತೇನೆ, ಏಕೆಂದರೆ ಇಲ್ಲಿ ಬಹಳ ಜನ ಅತಿ ಮಾಡುತ್ತಾರೆ. ಗಂಟೆಗೆ ಎಥನಾಲ್ ಬೆರೆಯದ ನಾಲ್ಕು ಲೀಟರ್ ಪೆಟ್ರೋಲ್ ಕುಡಿಯುವ ಎಂಜಿನ್ನಿನಲ್ಲಿ ಅಷ್ಟೂ ಪೆಟ್ರೋಲನ್ನು ಆವಿ ಮಾಡಲು 300 ವ್ಯಾಟಿನಷ್ಟು ಶಾಖ ಸಾಕು. ನಿಮಿಷಕ್ಕೆ ಒಂದು ಲೀಟರ್ ಕೂಲೆಂಟ್ ಹರಿದು ಐದು ಡಿಗ್ರಿ ತಣ್ಣಗಾದರೆ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ಅಂದರೆ ಎಂಟು ಮಿಲಿಮೀಟರಿನ ಹೋಸ್ ಧಾರಾಳವಾಯಿತು. ದೊಡ್ಡ ಪೈಪು, ದೊಡ್ಡ ನಿಪ್ಪಲ್ ಹಾಕಿ ಗೋಡೆ ತೆಳುವಾಗಿಸಿಕೊಳ್ಳಬೇಡಿ. ಥರ್ಮೋಸ್ಟಾಟ್ ಮುಚ್ಚಿದ್ದಾಗಲೂ ನೀರು ಓಡಾಡುವ ಜಾಗದಿಂದ, ಅಂದರೆ ಹೀಟರಿನ ಹೋಸಿಗೆ ಹೋಗುವ ದಾರಿಯಿಂದ ಟೀ ಹಾಕಿ ತೆಗೆದುಕೊಳ್ಳಿ, ವಾಟರ್ ಪಂಪಿನ ಎಳೆಯುವ ಬದಿಗೆ ಹಿಂದಿರುಗಿಸಿ. ನೀರು ಕೆಳಗಿನ ನಿಪ್ಪಲಿನಿಂದ ಒಳಬಂದು ಮೇಲಿನದರಿಂದ ಹೊರಹೋಗಲಿ, ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಗ್ಯಾಸ್ ಕಿಟ್ ಕೂರಿಸಿ ಅಭ್ಯಾಸವಿದ್ದವರಿಗೆ ಇದು ಹೊಸತೇನಲ್ಲ. ಎಲ್‌ಪಿಜಿ ವೇಪರೈಸರಿಗೆ ನೀವು ಕೂಲೆಂಟ್ ಕೊಡುವುದೂ ಹೀಗೆಯೇ, ಇದೇ ಕಾರಣಕ್ಕೇ.

ಇನ್ನು ಹೆದರಿಕೆಯ ಮಾತು. ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ.

ನನ್ನ ಕಣ್ಣೆದುರು ನಡೆದದ್ದು. ಗಾಡಿ ಯಾರದು, ಪ್ಲೇಟ್ ಮಾಡಿದ್ದು ಯಾವ ಅಂಗಡಿ ಎನ್ನುವುದು ಬೇಡ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಲು ಹೋದರೆ ‘ಟಕ್’ ಎಂದು ಒಂದೇ ಸದ್ದು, ಮೋಟರ್ ಸಿಕ್ಕಿಕೊಂಡಿತು. ಬ್ಯಾಟರಿ ಇಳಿದಿರಬೇಕು ಎಂದುಕೊಂಡು ನಾಲ್ಕು ಜನ ಸೇರಿ ತಳ್ಳಿ ಗೇರಿಗೆ ಹಾಕಿಬಿಟ್ಟರು. ಪ್ಲಗ್ಗು ಬಿಚ್ಚಿದಾಗ ಮೂರನೆಯ ಸಿಲಿಂಡರಿನಿಂದ ಹಸಿರು ಕೂಲೆಂಟ್ ಚಿಮ್ಮಿ ಬಾನೆಟ್ಟಿನ ಒಳಮೈಗೆ ಬಡಿಯಿತು. ನೀರನ್ನು ಒತ್ತಿ ಕುಗ್ಗಿಸಲು ಯಾವ ಪಿಸ್ಟನ್ನಿಗೂ ಸಾಧ್ಯವಿಲ್ಲ. ಕನೆಕ್ಟಿಂಗ್ ರಾಡ್ ಬಾಗಿತ್ತು. ಪ್ಲೇಟ್ ಬಿಚ್ಚಿ ನೋಡಿದರೆ ಕಾರಣ ಸ್ಪಷ್ಟ: ನೀರಿನ ಕಾಲುವೆಯನ್ನು ಪ್ಲೇಟಿನ ಮುಖದ ಮೇಲೆಯೇ ಕೊರೆದು, ಅದರ ಮೇಲೆ ಒಂದು ಕಾಗದದ ಪ್ಯಾಕಿಂಗ್ ಮುಚ್ಚಿ ಬೋಲ್ಟ್ ಬಿಗಿದಿದ್ದರು. ಕಾಲುವೆಗೂ ಗಾಳಿಯ ಬಾಯಿಗೂ ನಡುವೆ ಇದ್ದದ್ದು ಕಿರುಬೆರಳಿನ ಅರ್ಧದಷ್ಟು ಅಗಲದ ಪ್ಯಾಕಿಂಗ್. ಅದು ನೀರು ಕುಡಿದು ಮೆತ್ತಗಾಗಿತ್ತು.

ಲೆಕ್ಕ ನೋಡಿ. ಅನೇಕ ಗಾಡಿಗಳ ರೇಡಿಯೇಟರ್ ಮುಚ್ಚಳದ ಮೇಲೆ 0.9 ಎಂದು ಬರೆದಿರುತ್ತದೆ, ಅಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 0.9 ಕಿಲೋ. ಎಂಜಿನ್ ಬಿಸಿಯಾದಾಗ ನೀರು ಅಷ್ಟು ಒತ್ತಡದಲ್ಲಿ ಹೊರಕ್ಕೆ ತಳ್ಳುತ್ತಿರುತ್ತದೆ. ಎಂಜಿನ್ ಸ್ಲೋದಲ್ಲಿ ಓಡುವಾಗ ಮ್ಯಾನಿಫೋಲ್ಡಿನೊಳಗೆ ಅರ್ಧ ಕಿಲೋಗೂ ಮೀರಿದ ಎಳೆತ ಇರುತ್ತದೆ. ಒಂದು ಕಡೆ ನೂಕು, ಇನ್ನೊಂದು ಕಡೆ ಎಳೆತ, ಎರಡೂ ಸೇರಿ ಹತ್ತಿರ ಹತ್ತಿರ ಒಂದೂವರೆ ಕಿಲೋ. ಅದನ್ನು ಕಾಗದದ ತುಂಡು ಎಷ್ಟು ದಿನ ತಡೆದೀತು?

ಹಾಗಾಗಿ ನನ್ನ ಮೊದಲ ವಿನಂತಿ, ಇದೊಂದನ್ನು ಕಣ್ಣಿಗೊತ್ತಿಕೊಂಡು ಪಾಲಿಸಿ: ನೀರಿಗೂ ಗಾಳಿಗೂ ನಡುವೆ ಪ್ಯಾಕಿಂಗ್ ಇರಕೂಡದು, ಗಟ್ಟಿ ಲೋಹವೇ ಇರಬೇಕು. ಹದಿನಾರು ಮಿಲಿಮೀಟರ್ ದಪ್ಪದ ಪ್ಲೇಟ್ ತೆಗೆದುಕೊಳ್ಳಿ. ಅಂಚಿನಿಂದ ಎಂಟು ಮಿಲಿಮೀಟರಿನ ತೂತು ಕೊರೆದು, ಗಾಳಿಯ ಬಾಯಿಗಳ ಸುತ್ತ ಮೂರು ಬದಿಯಲ್ಲಿ ತೂತುಗಳು ಒಂದಕ್ಕೊಂದು ಕೂಡುವಂತೆ ಮಾಡಿ. ಬೇಡವಾದ ತುದಿಗಳಿಗೆ ಟ್ಯಾಪ್ ಹೊಡೆದು ಟೇಪರ್ ಪ್ಲಗ್ ಬಿಗಿಯಿರಿ. ಆಗ ಮೇಲೂ ಕೆಳಗೂ ನಾಲ್ಕು ನಾಲ್ಕು ಮಿಲಿಮೀಟರ್ ಲೋಹ ಉಳಿಯುತ್ತದೆ. ಬಾಯಿಗೂ ತೂತಿಗೂ ನಡುವೆಯೂ ನಾಲ್ಕಕ್ಕಿಂತ ಕಡಿಮೆ ಬಿಡಬೇಡಿ. ಉದ್ದ ಡ್ರಿಲ್ ದಾರಿ ತಪ್ಪುತ್ತದೆ, ಎರಡೂ ಕಡೆಯಿಂದ ಅರ್ಧರ್ಧ ಕೊರೆಯಿರಿ, ಆಗಾಗ ಹೊರಗೆಳೆದು ಚೂರು ತೆಗೆಯಿರಿ, ಸೀಮೆಎಣ್ಣೆ ಬಿಡುತ್ತಿರಿ. ಪಾತ್ರೆ, ಪಿಸ್ಟನ್ ಕರಗಿಸಿ ಮರಳಿನಲ್ಲಿ ಎರಕ ಹೊಯ್ದ ತುಂಡನ್ನು ಇದಕ್ಕೆ ಬಳಸಬೇಡಿ. ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಬಿಸಿಯಾದ ಮೇಲೆ ಜಿನುಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ 6061 ಅಥವಾ 6082 ದರ್ಜೆಯ ಪ್ಲೇಟಿನ ತುಂಡು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಕಾಲುವೆ ಕೊರೆದು ಮೇಲೊಂದು ತಗಡು ಇಟ್ಟು ಆರ್ಗನ್ ವೆಲ್ಡಿಂಗ್ ಮಾಡುವುದಾದರೆ ಮಾಡಿ, ಆದರೆ ವೆಲ್ಡಿಂಗ್ ಆದ ಮೇಲೆ ಪ್ಲೇಟ್ ಸೊಟ್ಟಗಾಗದೆ ಇರುವುದಿಲ್ಲ. ಫೇಸಿಂಗ್ ಮಾಡಿಸುವುದಾದರೆ ವೆಲ್ಡಿಂಗ್ ಆದ ನಂತರವೇ ಮಾಡಿಸಿ.

ಮುಖ ಚಪ್ಪಟೆಯಾಗಿರುವುದು ಈ ಕೆಲಸದ ಅರ್ಧ ಪಾಲು. ಮ್ಯಾನಿಫೋಲ್ಡಿನ ಕೆಳಗೆ ಕೂರುವ ಪ್ಲೇಟ್ ಚಪ್ಪಟೆಯಿಲ್ಲದಿದ್ದರೆ ಬಿಸಿ ದಾಟುವುದಿಲ್ಲ. ಕಾರ್ಬೊರೇಟರ್ ಕೆಳಗಿನದು ಚಪ್ಪಟೆಯಿಲ್ಲದಿದ್ದರೆ ಗಾಳಿ ಎಳೆದುಕೊಳ್ಳುತ್ತದೆ, ಸ್ಲೋ ನಿಲ್ಲುವುದಿಲ್ಲ. ಇಲ್ಲಿಗೆ ಬಂದಾಗ ಅಲೀಪುರದವರಿಗೆ ಇರುವ ಅನುಕೂಲ ಪೀಣ್ಯದವರಿಗೂ ಇಲ್ಲ ಎಂದರೆ ನಂಬುತ್ತೀರಾ? ಅಲೀಪುರ ಎಂದರೆ ಹೊರಗಿನವರಿಗೆ ಮೊಹರಂ ಮೆರವಣಿಗೆ ನೆನಪಾಗುತ್ತದೆ, ಹರಳು ನೆನಪಾಗುತ್ತದೆ. ಹರಳು ಸಾಣೆ ಹಿಡಿಯುವವರು ನಿಮ್ಮ ಬೀದಿಯಲ್ಲೇ ಇದ್ದಾರೆ, ನಿಮ್ಮ ಮನೆಗಳಲ್ಲೇ ಇದ್ದಾರೆ. ಒಂದು ಮುಖವನ್ನು ಚಪ್ಪಟೆ ಮಾಡುವುದು, ಅದು ಚಪ್ಪಟೆಯಾಯಿತೆಂದು ಕಣ್ಣಿನಲ್ಲೇ ಕಂಡುಕೊಳ್ಳುವುದು ಅವರ ದಿನನಿತ್ಯದ ದುಡಿಮೆ.

ನಾನೊಮ್ಮೆ ಅಂಥ ಒಬ್ಬ ಹಿರಿಯರ ಮುಂದೆ ಪ್ಲೇಟ್ ಇಟ್ಟೆ. ಜೊತೆಗಿದ್ದ ಹುಡುಗ “ಚಾಚಾ, ಇದು ಸಪಾಟಾಗಿದೆಯಾ ನೋಡಿ” ಎಂದ. ಫೇಸಿಂಗ್ ಮಾಡಿಸಿ ತಂದದ್ದು, ಹೊಳೆಯುತ್ತಿತ್ತು. ಅವರು ಸ್ಟೀಲ್ ಸ್ಕೇಲಿನ ಅಂಚನ್ನು ಮೂಲೆಯಿಂದ ಮೂಲೆಗೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, “ಮಧ್ಯೆ ಹೊಟ್ಟೆ ಇದೆ” ಎಂದರು. ಫೀಲರ್ ಗೇಜ್ ಹಾಕಿದರೆ ಅಂಚಿನಲ್ಲಿ ಹತ್ತನೇ ಒಂದು ಮಿಲಿಮೀಟರಿನ ಎಲೆ ಸಲೀಸಾಗಿ ಒಳಹೋಯಿತು. ದಪ್ಪ ಗಾಜಿನ ಮೇಲೆ ಉಜ್ಜುವುದು ಹೇಗೆ ಎಂದು ಅವರೇ ತೋರಿಸಿದರು: ಎಂಟರ ಆಕಾರದಲ್ಲಿ ಉಜ್ಜಬೇಕು, ಸ್ವಲ್ಪ ಹೊತ್ತಿಗೊಮ್ಮೆ ಪ್ಲೇಟನ್ನು ಕಾಲು ಸುತ್ತು ತಿರುಗಿಸಬೇಕು, ಒತ್ತಬಾರದು. ಒರಟು ಸಾಣೆಯಿಂದ ನಯ ಸಾಣೆಗೆ ಹೋಗುವಾಗ ಪ್ಲೇಟು, ಗಾಜು, ಕೈ, ಉಗುರಿನ ಸಂದು ಎಲ್ಲ ತೊಳೆಯಬೇಕು. ಒರಟು ಪುಡಿಯ ಒಂದು ಕಣ ಉಳಿದರೂ ಹರಳು ಹಾಳು ಎಂದರು. ನಮ್ಮ ಗ್ಯಾರೇಜುಗಳಲ್ಲಿ ನಾನು ಅಷ್ಟು ಶಿಸ್ತು ಕಂಡಿಲ್ಲ.

ಇದಕ್ಕೆ ನನ್ನ ಅನುಭವದ ಒಂದು ಮಾತು ಸೇರಿಸುತ್ತೇನೆ. ಹರಳು ಗಟ್ಟಿ, ಅಲ್ಯೂಮಿನಿಯಂ ಮೆತ್ತಗೆ. ಸಡಿಲ ಕಾರ್ಬೊರಂಡಮ್ ಪುಡಿ ಅಲ್ಯೂಮಿನಿಯಮ್ಮಿನ ಮೈಯೊಳಗೆ ಹೂತುಕೊಳ್ಳುತ್ತದೆ, ಆಮೇಲೆ ಕಳಚಿ ಸಿಲಿಂಡರಿಗೆ ಇಳಿದರೆ ರಿಂಗು, ಬೋರು ಎರಡೂ ಹೋದವು. ಆದ್ದರಿಂದ ಪುಡಿ ಬೇಡ, ನೀರಿನಲ್ಲಿ ಉಜ್ಜುವ ಎಮರಿ ಕಾಗದವನ್ನು ಗಾಜಿಗೆ ಅಂಟಿಸಿ ಉಜ್ಜಿ, ಮೊದಲು 240, ಆಮೇಲೆ 400. ನೂರರಲ್ಲಿ ಐದು ಪಾಲು ಮಿಲಿಮೀಟರಿನ ಫೀಲರ್ ಎಲೆ ಎಲ್ಲಿಯೂ ಒಳಹೋಗಬಾರದು. ಕೊನೆಗೆ ಸೋಪು, ಬ್ರಷ್ಷು ಹಾಕಿ ತೊಳೆದು, ನೀರಿನ ದಾರಿಯೊಳಗೂ ಬ್ರಷ್ ಆಡಿಸಿ, ಗಾಳಿ ಊದಿ.

ಇಷ್ಟೆಲ್ಲ ಮಾಡಿದ ಮೇಲೂ ಪ್ಲೇಟ್ ತಯಾರಾಗಿಲ್ಲ. ಪಂಕ್ಚರ್ ಅಂಗಡಿಯವರನ್ನು ನೋಡಿ. ಸೈಕಲ್ಲಿನ ಟ್ಯೂಬಾದರೂ ಸರಿ, ಪ್ಯಾಚ್ ಹಾಕಿದ ಮೇಲೆ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುವುದಿಲ್ಲ ಎಂದು ಕಂಡ ಮೇಲೆಯೇ ಕೈಗೆ ಕೊಡುತ್ತಾರೆ. ಲಕ್ಷ ರೂಪಾಯಿಯ ಎಂಜಿನ್ನಿನ ಉಸಿರಿನ ದಾರಿಯಲ್ಲಿ ನೀರು ಹರಿಸುವ ವಸ್ತುವನ್ನು ನಾವು ಒರೆಸಿ ಕೊಟ್ಟುಬಿಡುತ್ತೇವೆ. ಇದು ಸರಿಯೇ, ನೀವೇ ಹೇಳಿ. ಒಂದು ನಿಪ್ಪಲ್ ಮುಚ್ಚಿ, ಇನ್ನೊಂದಕ್ಕೆ ಮೀಟರ್ ಇರುವ ಕಾಲಿನ ಪಂಪ್ ಜೋಡಿಸಿ ಎರಡು ಕಿಲೋ ಗಾಳಿ ತುಂಬಿ. ಅದಕ್ಕಿಂತ ಹೆಚ್ಚು ಬೇಡ, ಕಂಪ್ರೆಸರ್ ನೇರವಾಗಿ ಕೊಡಬೇಡಿ, ಪ್ಲಗ್ ಹಾರಿ ಮುಖಕ್ಕೆ ಬಡಿದೀತು. ಮೊದಲು ತಣ್ಣೀರಿನಲ್ಲಿ, ಆಮೇಲೆ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಕಾಲು ಗಂಟೆ ಮುಳುಗಿಸಿಡಿ. ತಣ್ಣಗಿದ್ದಾಗ ಹಿಡಿದುಕೊಂಡ ಪ್ಲಗ್ಗು ಬಿಸಿಗೆ ಲೋಹ ಹಿಗ್ಗಿದಾಗ ಬಿಡುವುದನ್ನು ಕಂಡಿದ್ದೇನೆ. ಮೀಟರ್ ಮುಳ್ಳು ಇಳಿಯಬಾರದು, ಒಂದು ಗುಳ್ಳೆಯೂ ಬರಬಾರದು. ಈ ಪರೀಕ್ಷೆಯನ್ನು ಗಿರಾಕಿಯ ಎದುರಿಗೇ ಮಾಡಿ ಎನ್ನುವುದು ನನ್ನ ಎರಡನೆಯ ವಿನಂತಿ. ದಿನಾಂಕ, ಎಷ್ಟು ಒತ್ತಡ, ಎಷ್ಟು ಹೊತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ಲೇಟಿನ ಚಿತ್ರ, ಅಳತೆ ಕೂಡ ಅದೇ ಪುಸ್ತಕದಲ್ಲಿರಲಿ. ಮುಂದಿನ ಗಾಡಿಗೆ ಮತ್ತೆ ಮೊದಲಿನಿಂದ ಅಳೆಯಬೇಕಾಗಿಲ್ಲ, ನಿಮ್ಮ ತಮ್ಮನೋ ಶಿಷ್ಯನೋ ನೋಡಿ ಕಲಿಯುತ್ತಾನೆ.

ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಹೆಸರು ನೀವು ಶಾಲೆಯಲ್ಲಿ ಕೇಳಿರುತ್ತೀರಿ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ಮಾಡಿ ದೊಡ್ಡ ದೊಡ್ಡವರ ವಿರೋಧ ಕಟ್ಟಿಕೊಂಡರು. ಪರೀಕ್ಷೆ ಮಾಡದೆ ಒಪ್ಪುವುದಿಲ್ಲ ಎನ್ನುವ ಹಟ ಅವರದು. ಅವರ ಊರಿನ ಕಡೆಯವರಾದ ನಾವು ಒಂದು ಬಕೆಟ್ ನೀರಿನ ಪರೀಕ್ಷೆಗೆ ಬೇಸರಪಟ್ಟುಕೊಳ್ಳಬಾರದು.

ನೀರಿನ ಬಗ್ಗೆಯೂ ಒಂದು ಮಾತು. ನಮ್ಮ ಜಿಲ್ಲೆಯ ಬೋರು ನೀರು ಎಂಥದು ಎಂದು ನಿಮ್ಮ ಮನೆಯ ಪಾತ್ರೆಯ ತಳ ಹೇಳುತ್ತದೆ. ಬಹಳ ಆಳದ ಗಡಸು ನೀರು, ಕಾಯಿಸಿದರೆ ಬಿಳಿ ಪದರ ಕಟ್ಟುತ್ತದೆ. ಎಂಟು ಮಿಲಿಮೀಟರಿನ ದಾರಿಯಲ್ಲಿ ಆ ಪದರ ಕಟ್ಟಿಕೊಂಡರೆ ಪ್ಲೇಟ್ ಇದ್ದೂ ಇಲ್ಲದಂತೆ. ಹಿತ್ತಾಳೆಯ ನಿಪ್ಪಲ್, ಅಲ್ಯೂಮಿನಿಯಂ ಪ್ಲೇಟ್, ಉಪ್ಪಿನಂಶದ ನೀರು, ಮೂರೂ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ರೇಡಿಯೇಟರಿಗೆ ಬಾಟಲಿಯ ಡಿಸ್ಟಿಲ್ಡ್ ವಾಟರ್, ಅದಕ್ಕೆ ತಕ್ಕ ಪ್ರಮಾಣದ ಕೂಲೆಂಟ್ ಹಾಕಿ. ದಾರಿಯಲ್ಲಿ ಬೋರಿನ ಪೈಪಿನಿಂದ ತುಂಬಿಸಿಕೊಳ್ಳುವ ಚಟ ಬಿಡಿ ಎಂದು ಮಾಲೀಕರಿಗೆ ಹೇಳುವ ಧೈರ್ಯ ಮಾಡಿ.

ಬೇಸಿಗೆಗೆ ಒಂದು ನಲ್ಲಿ ಹಾಕಿ. ಏಪ್ರಿಲ್ ಮಧ್ಯಾಹ್ನ ಗೌರಿಬಿದನೂರಿನ ಬಿಸಿಲಿನಲ್ಲಿ ಈ ಪ್ಲೇಟಿನಿಂದ ಲಾಭವಿಲ್ಲ, ನಷ್ಟವೇ. ಹೀಟರಿಗೆ ಹಾಕುವಂಥ ವಾಲ್ವ್ ಒಂದನ್ನು ಒಳಬರುವ ಹೋಸಿಗೆ ಹಾಕಿ, ಯುಗಾದಿಗೆ ಮುಚ್ಚಿ ದೀಪಾವಳಿಗೆ ತೆರೆಯಿರಿ ಎಂದು ಮಾಲೀಕರಿಗೆ ಹೇಳಿಕೊಡಿ.

ಕಾನೂನನ್ನೂ ಮುಚ್ಚಿಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಒತ್ತಿ ಹೇಳಿದೆ. ಟ್ರ್ಯಾಕಿನಲ್ಲಷ್ಟೇ ಓಡುವ ಗಾಡಿಯ ಮಾತು ಬೇರೆ. ರಸ್ತೆಯ ಮೇಲೆ ದಿನಾ ಓಡುವ ಗಾಡಿಗೆ ಬೇರೆ ಮ್ಯಾನಿಫೋಲ್ಡ್ ಹಾಕಿಸಲು ಬರುವ ಹುಡುಗನಿಗೆ ಮೊದಲು ಇದನ್ನು ಹೇಳಿ. ಕಂಪನಿಯ ಮ್ಯಾನಿಫೋಲ್ಡ್ ಅವನ ಮನೆಯ ಅಟ್ಟದ ಮೇಲೆ ಇನ್ನೂ ಇದ್ದರೆ ಅದನ್ನೇ ವಾಪಸ್ ಹಾಕಿಕೊಡಿ. ನಿಮ್ಮ ಸಂಪಾದನೆ ಒಂದು ದಿನ ಕಡಿಮೆಯಾದೀತು, ನಿಮ್ಮ ಮೇಲಿನ ನಂಬಿಕೆ ಕಡಿಮೆಯಾಗದು.

ಗಾಡಿಗಳ ಮಾಲೀಕರೂ ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಬೇಡಿಕೆ ಒಂದೇ. ಪ್ಲೇಟಿನ ಹಣ ಕೊಡುವಾಗ ಚೌಕಾಸಿ ಮಾಡಿ, ಆದರೆ ಪರೀಕ್ಷೆಗೆ ಹಿಡಿದ ಹೊತ್ತಿನ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. “ಸಂಜೆಯೊಳಗೆ ಬೇಕು” ಎಂದು ಆ ಹುಡುಗರ ತಲೆಯ ಮೇಲೆ ನಿಲ್ಲಬೇಡಿ. ಅವಸರದಲ್ಲಿ ಬಿಟ್ಟುಹೋಗುವುದು ಯಾವಾಗಲೂ ಪರೀಕ್ಷೆಯೇ.

ಮಿತ್ರರೇ, ಅಲೀಪುರದ ಸಾಣೆಯವರ ಕಣ್ಣು, ಗೌರಿಬಿದನೂರಿನ ಲೇತಿನವರ ಕೈ, ಗ್ಯಾಸ್ ಕಿಟ್ ಕೂರಿಸುವವರ ಅನುಭವ, ಮೂರೂ ಹತ್ತಿರ ಹತ್ತಿರದ ಊರುಗಳಲ್ಲಿವೆ. ಒಬ್ಬರನ್ನೊಬ್ಬರು ಕೇಳಲು ಸಂಕೋಚ ಬೇಡ. ಈಗಾಗಲೇ ನೀವು ಮಾಡಿ ಕೂರಿಸಿದ ಪ್ಲೇಟುಗಳು ರಸ್ತೆಯ ಮೇಲಿವೆ. ಅವುಗಳಲ್ಲಿ ಯಾವುದರಲ್ಲಾದರೂ ನೀರನ್ನು ತಡೆದಿರುವುದು ಬರೀ ಪ್ಯಾಕಿಂಗ್ ಆಗಿದ್ದರೆ, ದಯವಿಟ್ಟು ಆ ಗಾಡಿಯವರಿಗೆ ಇವತ್ತೇ ಫೋನ್ ಮಾಡಿ ಕರೆಸಿ, ನೀರಿನ ಹೋಸ್ ಬಿಚ್ಚಿ ದಾರಿ ಮುಚ್ಚಿ, ಹೊಸ ಪ್ಲೇಟ್ ಮಾಡಿಕೊಡಿ.

ಇಂತಿ ನಿಮ್ಮ ಹಿತೈಷಿ,
ಒಬ್ಬ ಹಳೆಯ ಲೇತು ಕೆಲಸಗಾರ
ಗೌರಿಬಿದನೂರು ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ